ಗುಡಿಯೊಂದೇ ಅಲ್ಲ, ತೋಪೂ ಕಣವೂ ಉಳಿಯಲಿ

ನಮ್ಮ ಮನೆಯಲ್ಲಿ ರಾಶಿಪೂಜೆ ಆಗದೆ ಕಣದಿಂದ ಒಂದು ಮೊರ ರಾಗಿಯೂ ಒಳಗೆ ಬರುತ್ತಿರಲಿಲ್ಲ. ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ರಾಶಿಯ ಮೇಲಿಟ್ಟು, ಮೊದಲ ಮೊರವನ್ನು ನಮ್ಮತ್ತೆ ಊರಮ್ಮನ ಪಾಲಿಗೆಂದು ತೆಗೆದಿಡುತ್ತಿದ್ದರು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದ ನನಗೆ ಗ್ರೀಕರ ಡಿಮೀಟರ್ ಪರದೇಶದವಳು ಅನ್ನಿಸಲೇ ಇಲ್ಲ.

ಡಿಮೀಟರ್ ಧಾನ್ಯದ ತಾಯಿ. ಮಗಳು ಪರ್ಸೆಫೊನಿಯನ್ನು ಪಾತಾಳದ ದೊರೆ ಹೊತ್ತೊಯ್ದಾಗ, ನೆಲದಲ್ಲಿ ಒಂದು ಕಾಳೂ ಮೊಳೆಯದಂತೆ ತಡೆದು ದೇವತೆಗಳನ್ನೇ ಮಣಿಸಿದವಳು. ಅವಳ ನೆಲೆ ಅಥೆನ್ಸ್ ಹತ್ತಿರದ ಎಲ್ಯೂಸಿಸ್. ಗುಡಿ ಹಾಳಾಗಿ, ಊರೆಲ್ಲ ಕ್ರೈಸ್ತರಾಗಿ ಶತಮಾನಗಳು ಕಳೆದರೂ ಅಲ್ಲಿನ ಒಕ್ಕಲುಮಕ್ಕಳು ಮುಕ್ಕಾದ ಒಂದು ಕಲ್ಲುವಿಗ್ರಹವನ್ನು ಬಿಟ್ಟಿರಲಿಲ್ಲ. ಕಣದ ಬಳಿ ಅದರ ಕುತ್ತಿಗೆಯವರೆಗೂ ಗೊಬ್ಬರ ಒಟ್ಟುತ್ತಿದ್ದರು. ಬೆಳೆ ಅವಳ ಕೈಯಲ್ಲಿದೆ ಎಂದು ನಂಬಿದ್ದರು. 1801ರಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ಇಂಗ್ಲಿಷಿನವನು ಆಳುವವರ ಅಪ್ಪಣೆ ಪಡೆದು ಅದನ್ನು ಸಾಗಿಸಿದ. ಸಾಗಿಸುವ ಮುನ್ನ ಎತ್ತೊಂದು ನೊಗ ಬಿಡಿಸಿಕೊಂಡು ಬಂದು ವಿಗ್ರಹವನ್ನು ಹಾಯ್ದು, ಅರಚುತ್ತ ಓಡಿತೆಂದು ಅವನೇ ಬರೆದಿದ್ದಾನೆ. ಊರವರು ನಡುಗಿಹೋದರು. ವಿಗ್ರಹ ಇಂದು ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಅದು ದೇವಿಯಲ್ಲ, ತಂಬಿಟ್ಟಿನಾರತಿ ಹೊತ್ತ ನಮ್ಮ ಹೆಣ್ಣುಮಕ್ಕಳಂತೆ ಪೂಜಾಸಾಮಗ್ರಿಯನ್ನು ತಲೆಯ ಮೇಲೆ ಹೊತ್ತ ಕನ್ಯೆ ಎನ್ನುತ್ತಾರೆ ವಿದ್ವಾಂಸರು. ಗೊಬ್ಬರ ಒಟ್ಟಿದವರಿಗೆ ಅವಳು ಅಮ್ಮನೇ ಆಗಿದ್ದಳು.

ಎಲ್ಯೂಸಿಸ್ ಈಗ ತೈಲ ಶುದ್ಧೀಕರಣಾಗಾರದ ಊರು. ನಮ್ಮ ಕೋರ ಹೋಬಳಿಯ ವಸಂತನರಸಾಪುರದಲ್ಲೂ ಹೊಲಗಳಿದ್ದಲ್ಲಿ ಕೈಗಾರಿಕಾ ಪ್ರದೇಶ ಎದ್ದಿದೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಫುಡ್ ಪಾರ್ಕ್ ಉದ್ಘಾಟಿಸಿದ್ದು ಇಲ್ಲೇ. ಕಾರ್ಖಾನೆ ಬೇಡ ಎಂದು ನಾನು ಹೇಳಲಾರೆ, ನನ್ನ ಕೈಯಲ್ಲಿ ಓದಿದ ಮಕ್ಕಳು ಅಲ್ಲಿ ದುಡಿದು ಮನೆ ನಡೆಸುತ್ತಿದ್ದಾರೆ. ನನ್ನ ತಕರಾರು ಬೇರೆ. ಭೂಸ್ವಾಧೀನದ ಮಾತು ಬಂದಾಗ ಗುಡಿಗೆ ಕೈ ಹಚ್ಚುವುದಿಲ್ಲ ಎಂದರೆ ಊರೂ ಸುಮ್ಮನಾಗುತ್ತದೆ, ಅಧಿಕಾರಿಗಳಿಗೂ ನೆಮ್ಮದಿ. ಆದರೆ ಪೈರು ಕಾಯುವ ತಾಯಿಯನ್ನು ನಾಲ್ಕು ಗೋಡೆಗೆ ಸೇರಿಸಿ, ಸುತ್ತಲಿನ ಗುಂಡುತೋಪು, ಕಣ, ಗೋಮಾಳಗಳನ್ನು ಕಾಂಪೌಂಡಿನೊಳಗೆ ಹಾಕಿಕೊಂಡರೆ ಅವಳಿಗೆ ಏನು ಉಳಿಯಿತು? ಅವಳ ತೋಪಿನ ಹಿಪ್ಪೆ, ಬೇವು, ಹುಣಸೆಗಳಿಗೆ ಕೊಡಲಿ ಹಾಕಲು ಹಿಂದಿನವರು ಹೆದರುತ್ತಿದ್ದರು. ಆ ಹೆದರಿಕೆಯಿಂದಲೇ ನೆರಳು ಉಳಿದಿತ್ತು.

ಕಾನೂನಿನಲ್ಲಿ ದಾರಿ ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹಳೆಯ ಹುಣಸೆ ತೋಪನ್ನು 2007ರಲ್ಲೇ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಗಿದೆ, ಅದು ದೇಶಕ್ಕೇ ಮೊದಲನೆಯದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಮರಗಿಡಗಳ ದಾಖಲಾತಿ ಅದರ ಕೆಲಸ. ಕೋರ ಹೋಬಳಿಯ ಪಂಚಾಯಿತಿ ಸದಸ್ಯರಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಊರಮ್ಮನ ತೋಪನ್ನೂ ಕಣವನ್ನೂ ಸರ್ವೆ ನಂಬರಿನ ಸಮೇತ ದಾಖಲೆಗೆ ಸೇರಿಸಿ, ಹದ್ದುಬಸ್ತು ಮಾಡಿಸಿ, ಕಲ್ಲು ನೆಡಿಸಿ.