ಮಾದರಿ ಹಳೆಯದಿರಲಿ, ಹೆಸರು ನಿಮ್ಮದಿರಲಿ

ಮಗುವಿಗೆ ಅಕ್ಷರ ಕಲಿಸುವಾಗ ನಾವು ಮೊದಲು ಮಾಡಿಸುವುದು ತಿದ್ದುವ ಕೆಲಸ. ಮೇಷ್ಟ್ರು ಬರೆದ ಅಕ್ಷರದ ಮೇಲೆ ಬಳಪವಿಟ್ಟು ಅದೇ ತಿರುವು, ಅದೇ ಸುಳಿಯನ್ನು ಹತ್ತಾರು ಸಲ ಎಳೆದ ಮೇಲೆಯೇ ಕೈಗೆ ತನ್ನದೊಂದು ಬರಹ ದಕ್ಕುವುದು. ಅದನ್ನು ಯಾರೂ ಕಳವು ಎನ್ನುವುದಿಲ್ಲ. ಆದರೆ ಡೊಂಬಿವಲಿಯಲ್ಲೋ ವಸಯಿಯಲ್ಲೋ ಯಾರಾದರೂ ಮನೆಯಲ್ಲೇ ಕುಳಿತು 1957ರ ಮಾದರಿಯ ಎಲೆಕ್ಟ್ರಿಕ್ ಬಾಸ್ ಗಿಟಾರ್ ಮಾಡಲು ಹೊರಟರೆ ಎರಡು ಪ್ರಶ್ನೆಗಳು ಏಳುತ್ತವೆ: ಅಂಗಡಿಯಲ್ಲಿ ಸಿಗುವುದನ್ನು ಯಾಕೆ ಮಾಡಬೇಕು, ಮತ್ತು ಎಷ್ಟೆಂದರೂ ಅದು ಇನ್ನೊಬ್ಬರದರ ನಕಲು ತಾನೇ? ಎರಡೂ ಪ್ರಶ್ನೆಗಳಿಗೆ ನೇರ ಉತ್ತರ ಸಲ್ಲಬೇಕು. ನನ್ನ ವಾದ ಇಷ್ಟು: ಹಳೆಯ ಮಾದರಿಯನ್ನು ಬಹಿರಂಗವಾಗಿ, ತನ್ನ ಹೆಸರಿನಲ್ಲೇ ಅನುಸರಿಸಿ ಮಾಡುವುದು ಕೈಕೆಲಸದ ಅತ್ಯಂತ ಹಳೆಯ ಪಾಠಶಾಲೆ. ಮುಂಬಯಿಯಂಥ ಊರು ಆ ಶಾಲೆಗೆ ಒಂದು ಮೇಜಿನಷ್ಟು ಜಾಗವನ್ನಾದರೂ ಕೊಡಬೇಕು.

ಬಾಸ್ ಗಿಟಾರ್ ಎಂದರೆ ಹಾಡಿನಲ್ಲಿ ನಾವು ಕೇಳಿಯೂ ಗುರುತಿಸದ ವಾದ್ಯ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳನ್ನು ಗುನುಗುವ ಲಕ್ಷಾಂತರ ಕನ್ನಡಿಗರಿಗೆ ಅವುಗಳ ಅಡಿಯಲ್ಲಿ ನಡೆಯುವ ಇನ್ನೊಂದು ರಾಗಸಂಚಾರ ಪ್ರತ್ಯೇಕವಾಗಿ ಕೇಳಿಸಿರಲಾರದು. ಆದರೆ ಅದನ್ನು ತೆಗೆದುಬಿಟ್ಟರೆ ಹಾಡು ಬುನಾದಿಯಿಲ್ಲದ ಮನೆಯಾಗುತ್ತದೆ. ಆ ಬುನಾದಿ ಹಾಕಿದ ಊರುಗಳಲ್ಲಿ ಮುಂಬಯಿ ಮುಂಚೂಣಿಯದು. ಆರ್. ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಬಾಸ್ ನುಡಿಸಿದ ಟೋನಿ ವಾಜ್, ತಾಡದೇವದ ಫಿಲ್ಮ್ ಸೆಂಟರ್ ಸ್ಟುಡಿಯೊ, ಗೋವಾದಿಂದ ಬಂದು ಧೋಬಿ ತಲಾವ್ ಸುತ್ತಮುತ್ತ ನೆಲೆ ಕಂಡ ವಾದಕರು ಎಲ್ಲರೂ ಈ ಊರಿನ ಚರಿತ್ರೆಯ ಭಾಗ. 1865ರಲ್ಲಿ ಶುರುವಾದ ಫುರ್ಟಾಡೋಸ್ ವಾದ್ಯದಂಗಡಿ ಇಂದಿಗೂ ಇಲ್ಲಿದೆ. ನುಡಿಸುವವರಿಗೂ ಮಾರುವವರಿಗೂ ಇಲ್ಲಿ ಎಂದೂ ಕೊರತೆಯಾಗಲಿಲ್ಲ. ಈ ಸರಪಳಿಯಲ್ಲಿ ತೆಳುವಾಗಿ ಉಳಿದ ಕೊಂಡಿ ಮಾಡುವವರದು. 1991ಕ್ಕೆ ಮೊದಲು ಆಮದು ಪರವಾನಗಿ ಮತ್ತು ಭಾರಿ ಸುಂಕದ ಕಾಲದಲ್ಲಿ ವಿದೇಶಿ ವಾದ್ಯ ಕೈಗೆಟುಕದಿದ್ದಾಗಲೂ, ಅದು ಸುಲಭವಾಗಿ ಸಿಗತೊಡಗಿದ ಮೇಲೂ ಆ ಕೊಂಡಿ ಬಲಗೊಳ್ಳಲಿಲ್ಲ.

ಇಲ್ಲಿ ಅನುಸರಿಸಲು ಹೊರಟಿರುವ ಮಾದರಿಯ ಹುಟ್ಟನ್ನು ನೋಡಿದರೆ ಮನೆಯಲ್ಲಿ ಅದನ್ನು ಮಾಡುವುದು ದುಸ್ಸಾಹಸವಲ್ಲ ಎಂಬುದು ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೊ ಫೆಂಡರ್ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1951ರಲ್ಲಿ ಅವರು ಹೊರತಂದ ಪ್ರಿಸಿಷನ್ ಬಾಸ್ ಆಳೆತ್ತರದ ಡಬಲ್ ಬಾಸ್‌ನ ಕೆಲಸವನ್ನು ಹೆಗಲಿಗೆ ನೇತುಹಾಕಬಹುದಾದ ಹಲಗೆಯೊಂದಕ್ಕೆ ಇಳಿಸಿತು. ಡಬಲ್ ಬಾಸ್‌ನಲ್ಲಿ ಮೆಟ್ಟುಗಳಿಲ್ಲ, ಸ್ವರದ ಜಾಗವನ್ನು ಬೆರಳೇ ಹುಡುಕಬೇಕು. ಇದರಲ್ಲಿ ಮೆಟ್ಟುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು, ಹೆಸರು ಬಂದದ್ದೂ ಅದರಿಂದಲೇ. ವಾದ್ಯದ ಕುತ್ತಿಗೆಯನ್ನು ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದರು. ಕೆಟ್ಟರೆ ಬಿಚ್ಚಬೇಕು, ಬದಲಿಸಬೇಕು, ಮತ್ತೆ ಬಿಗಿಯಬೇಕು ಎಂಬುದು ರಿಪೇರಿ ಮಾಡಿದ ಕೈಯ ಬುದ್ಧಿ. ಹಾಗಾಗಿ ಇದನ್ನು ಮಾಡಲು ಪಿಟೀಲು ಮಾಡುವವರ ತಲೆಮಾರುಗಳ ಗುಟ್ಟು ಬೇಕಿಲ್ಲ. ಅಳತೆಯ ಶಿಸ್ತು, ಹರಿತವಾದ ಉಳಿ ಮತ್ತು ತಾಳ್ಮೆ ಬೇಕು.

ಆ ಅಳತೆಯ ಶಿಸ್ತು ಎಂಥದು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಒಡಲಿನ ಮೇಲಿನ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ಇದನ್ನು ಮೆಟ್ಟುಗಳ ಅಂತರಕ್ಕೆ ಬಳಸುವ ಸ್ಥಿರಾಂಕ 17.817ರಿಂದ ಭಾಗಿಸಿದರೆ 48.5 ಬರುತ್ತದೆ. ನಟ್‌ನಿಂದ ಅಷ್ಟು ದೂರದಲ್ಲಿ ಮೊದಲ ಮೆಟ್ಟು. ಉಳಿದ 815.5ನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಮುಂದಿನ ಮೆಟ್ಟಿನ ಅಂತರ 45.8. ಹೀಗೆ ಕಿರಿದಾಗುತ್ತ ಹೋಗಿ ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 432ರಲ್ಲಿ ಬಂದು ನಿಲ್ಲುತ್ತದೆ. ಅಲ್ಲಿ ಸ್ವರ ಒಂದು ಸ್ಥಾಯಿ ಮೇಲೇರಿರುತ್ತದೆ. ಮೊದಲ ಮೆಟ್ಟು ಒಂದು ಮಿಲಿಮೀಟರ್ ತಪ್ಪಿದರೆ ಸ್ವರ ಅರ್ಧಸ್ವರದ ನೂರರಲ್ಲಿ ಎರಡು ಪಾಲು ಜಾರುತ್ತದೆ, ಇಪ್ಪತ್ತನೆಯದು ಅಷ್ಟೇ ತಪ್ಪಿದರೆ ಆರು ಪಾಲು. ಒಂದು ಮೆಟ್ಟಿನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಸಣ್ಣ ತಪ್ಪುಗಳು ಕೂಡುತ್ತ ಹೋಗುತ್ತವೆ. ಆದ್ದರಿಂದ ಪ್ರತಿ ಗುರುತನ್ನೂ ನಟ್‌ನಿಂದಲೇ ಅಳೆಯಬೇಕು. ನಮ್ಮ ವೀಣೆಯಲ್ಲಿ ಮೆಟ್ಟುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ, ಶ್ರುತಿ ತಪ್ಪಿದರೆ ಮೇಣ ಕರಗಿಸಿ ಮತ್ತೆ ಕೂರಿಸಲು ಅವಕಾಶವಿದೆ. ಇಲ್ಲಿ ಗರಗಸದ ಗೆರೆಯೇ ಕೊನೆಯ ಮಾತು. ಹೈಸ್ಕೂಲಿನಲ್ಲಿ ಕಲಿತು ಮರೆತ ಗುಣೋತ್ತರ ಶ್ರೇಢಿ ಕೈಗೂ ಕಿವಿಗೂ ಅರ್ಥವಾಗುವುದು ಇಂಥ ಕಡೆಯಲ್ಲಿ.

ವಿದ್ಯುತ್ತಿನ ಭಾಗ ಇನ್ನೂ ಸೊಗಸಾದ ಪಾಠ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ. ಅದರ ದಪ್ಪ ಸುಮಾರು 0.06 ಮಿಲಿಮೀಟರ್, ತಲೆಗೂದಲಿನಷ್ಟು ತೆಳು. ಸುತ್ತುಗಳು ಹತ್ತು ಸಾವಿರದ ಆಸುಪಾಸು. ನುಡಿಸುವ ತಂತಿ ಕಂಪಿಸಿದಾಗ ಈ ತಾಮ್ರದ ಸುರುಳಿಯಲ್ಲಿ ಅಲ್ಪ ವಿದ್ಯುತ್ ಹುಟ್ಟುತ್ತದೆ. ಆದರೆ ಈ ಸುರುಳಿ ಮನೆಯ ವಯರಿಂಗ್‌ನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ನಮ್ಮ ಮನೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಬಾಸ್‌ನ ಇ ತಂತಿಯ ಮೂರನೇ ಮೆಟ್ಟಿನ ಸ್ವರ 49 ಹರ್ಟ್ಸ್. ಅಂದರೆ ಗೋಡೆಯೊಳಗಿನ ವಯರು ವಾದ್ಯದ ಸ್ವಂತ ಸ್ವರದ ಪಕ್ಕದಲ್ಲೇ ಬಂದು ಕೂರುತ್ತದೆ. 1957ರಲ್ಲಿ ಫೆಂಡರ್ ಪಿಕಪ್ಪನ್ನು ಎರಡು ತುಂಡು ಮಾಡಿ, ಒಂದರ ಅಯಸ್ಕಾಂತವನ್ನೂ ಸುತ್ತನ್ನೂ ಇನ್ನೊಂದಕ್ಕೆ ವಿರುದ್ಧವಾಗಿ ಇಟ್ಟರು. ಹೊರಗಿನ ಗದ್ದಲ ಎರಡರಲ್ಲಿ ಒಂದಕ್ಕೊಂದು ಎದುರಾಗಿ ಅಳಿಸಿಹೋಗುತ್ತದೆ, ತಂತಿಯ ನಾದ ಉಳಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿದವನಿಗೂ ತಾನೇ ಬೆಸುಗೆ ಹಾಕಿ, ಗುಂಯ್‌ಗುಟ್ಟುವಿಕೆ ಥಟ್ಟನೆ ನಿಂತದ್ದನ್ನು ಕೇಳಿದವನಿಗೂ ಬಹಳ ಅಂತರವಿದೆ.

ಇನ್ನು ಮರ ಮತ್ತು ಬಣ್ಣ. ಹಳೆಯ ಬಾಸ್‌ಗಳ ಒಡಲಿಗೆ ಅಮೆರಿಕದ ಆ್ಯಶ್, ಆಲ್ಡರ್ ಮರ ಬಳಸಿದರು. ಮುಂಬಯಿಯಲ್ಲಿ ಹಳೆಯ ಕಟ್ಟಡ ಕೆಡವಿದಾಗ ಹೊರಬರುವ ಬರ್ಮಾ ತೇಗದ ತೊಲೆಗಳಿವೆ, ರೇ ರೋಡಿನ ಮರದ ಅಡ್ಡೆಗಳಿವೆ. ತೇಗದಲ್ಲಿ ಒಡಲು ಮಾಡಿದರೆ ಆಲ್ಡರ್‌ಗಿಂತ ಸುಮಾರು ಒಂದು ಕಿಲೋ ಹೆಚ್ಚು ತೂಗಬಹುದು, ಆದರೆ ದಶಕಗಳ ಕಾಲ ಒಣಗಿದ ಆ ಮರ ಮಳೆಗಾಲಕ್ಕೆ ಸುಲಭವಾಗಿ ಅಲುಗುವುದಿಲ್ಲ. ಜುಲೈ ತಿಂಗಳಲ್ಲಿ ಗಾಳಿಯ ತೇವಾಂಶ ಶೇಕಡಾ 80 ದಾಟುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ನಾಲ್ಕು ತಂತಿಗಳು ಸೇರಿ ಸುಮಾರು 75ರಿಂದ 80 ಕಿಲೋ ಸೆಳೆತ ಹಾಕುವಾಗ ಹಸಿ ಮರದ ಕುತ್ತಿಗೆ ಬಿಲ್ಲಿನಂತೆ ಬಾಗುತ್ತದೆ. ಮೆಟ್ಟುಗಳು ಕೂರುವ ಹಲಗೆಗೆ ಲೋಕವೆಲ್ಲ ಬಯಸುವುದು ನಮ್ಮ ಪಶ್ಚಿಮಘಟ್ಟದ ಬೀಟೆ. 2017ರಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದಾಗ ಜಗತ್ತಿನ ಗಿಟಾರ್ ಕಾರ್ಖಾನೆಗಳು ಕಂಗಾಲಾದವು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ನಮ್ಮ ಕಾಡಿನ ಮರ ಹಾಗೆ ದೂರದ ಊರಿಗೆ ಹೋಗಿ ವಾದ್ಯವಾಗಿ ಮರಳಿ ಬರುತ್ತದೆ, ನಾವು ಬೆಲೆ ತೆತ್ತು ಕೊಳ್ಳುತ್ತೇವೆ. ಬಣ್ಣದ ಕತೆಯೂ ಹೀಗೆಯೇ. ಫೆಂಡರ್ ಬಳಸಿದ ಬಣ್ಣಗಳಲ್ಲಿ ಡ್ಯುಪಾಂಟ್ ಕಂಪನಿ ಕಾರುಗಳಿಗೆಂದು ಮಾಡಿದ ಡ್ಯೂಕೊ ಇತ್ತು. ಮುಂಬಯಿಯ ಕಪಾಟು-ಬಾಗಿಲುಗಳಿಗೆ ಗನ್ ಹಿಡಿದು ಬಣ್ಣ ಹೊಡೆಯುವ ಕಾರ್ಮಿಕರು ಇಂದಿಗೂ ತಮ್ಮ ಕೆಲಸವನ್ನು ‘ಡ್ಯೂಕೊ’ ಎಂದೇ ಕರೆಯುತ್ತಾರೆ. ಮಳೆಗಾಲದಲ್ಲಿ ಆ ಲ್ಯಾಕರ್ ಹೊಡೆದರೆ ತೇವಕ್ಕೆ ಬಿಳಿಚಿಕೊಳ್ಳುತ್ತದೆ ಎಂಬುದು ಅವರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತು. ಅಂದರೆ ಈ ವಾದ್ಯಕ್ಕೆ ಬೇಕಾದ ಮರವೂ ಕೈಗಳೂ ಇದೇ ಊರಿನಲ್ಲಿವೆ, ಒಂದೆಡೆ ಸೇರಿಲ್ಲ ಅಷ್ಟೆ.

ಈಗ ಮೊದಲ ಆಕ್ಷೇಪ: ಎಷ್ಟು ಚೆನ್ನಾಗಿ ಮಾಡಿದರೂ ಇದು ನಕಲು, ಸೃಷ್ಟಿಯಲ್ಲ. ಚರಿತ್ರೆ ಹಾಗೆ ಹೇಳುವುದಿಲ್ಲ. 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅಮೆರಿಕದ ಗಿಟಾರ್‌ಗಳನ್ನು ಇದ್ದ ಹಾಗೇ ಅನುಕರಿಸಿದವು. 1977ರಲ್ಲಿ ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಮಾತೃಸಂಸ್ಥೆ ಜಪಾನಿನ ಇಬಾನೆಜ್‌ನ ಅಮೆರಿಕನ್ ವಿತರಕರ ಮೇಲೆ ಹೆಡ್‌ಸ್ಟಾಕ್, ಅಂದರೆ ಬಿರಡೆಗಳಿರುವ ತಲೆಭಾಗದ ಆಕಾರಕ್ಕಾಗಿ ದಾವೆ ಹೂಡಿತು. ಇಬಾನೆಜ್ ತನ್ನದೇ ವಿನ್ಯಾಸಗಳ ದಾರಿ ಹಿಡಿಯಿತು, ಇಂದು ಅದು ಸ್ವಂತ ಮುಖವುಳ್ಳ ಹೆಸರು. 1982ರಲ್ಲಿ ಫೆಂಡರ್ ಕಂಪನಿಯೇ ಜಪಾನಿನಲ್ಲಿ ತಯಾರಿಕೆ ಆರಂಭಿಸಿತು. ಅನುಕರಣೆಯಲ್ಲಿ ಪಳಗಿದ ಕೈಯನ್ನು ಮೂಲದವರೇ ಹುಡುಕಿ ಬಂದರು. ನಮ್ಮ ಗಡಿಯ ಮೀರಜ್‌ನ ಕತೆ ಇನ್ನೂ ಹತ್ತಿರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ವಾದ್ಯಗಳ ದುರಸ್ತಿಗೆ ಕೈಹಾಕಿ, ಆಮೇಲೆ ತಂಬೂರಿ, ಸಿತಾರ್ ಮಾಡತೊಡಗಿದರು. ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ ಆ ಊರಿನ ತಂಬೂರಿಗಳು ಧಾರವಾಡದ ಗಾಯಕರ ಬೆನ್ನಿಗೆ ನಿಂತವು. 2024ರಲ್ಲಿ ಮೀರಜ್ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮನ್ನಣೆ ಬಂತು. ಮುಂಬಯಿಯ ಗಣೇಶೋತ್ಸವದಲ್ಲಿ ಬೀದಿ ನಡುಗಿಸುವ ಬೆಂಜೋ ಕೂಡ 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೋಗೋತೊ ವಾದ್ಯದ ಸಂತಾನ. ಅದಕ್ಕೆ ಪಿಕಪ್ ಕೂರಿಸಿ, ಕೋಳಿವಾಡದ ಕುಣಿತಕ್ಕೆ ಒಗ್ಗಿಸಿ ಈ ಊರು ಅದನ್ನು ತನ್ನದಾಗಿಸಿಕೊಂಡಿತು. ಎಲ್ಲ ಕಡೆಯೂ ಮೊದಲ ಹೆಜ್ಜೆ ತಿದ್ದಿದ್ದೇ.

ಆದರೆ ತಿದ್ದುವುದಕ್ಕೂ ಕದಿಯುವುದಕ್ಕೂ ನಡುವೆ ಒಂದು ಗೆರೆಯಿದೆ, ಅದನ್ನು ಮಸುಕು ಮಾಡಬಾರದು. ಆ ಗೆರೆ ಇರುವುದು ಹೆಡ್‌ಸ್ಟಾಕ್ ಮೇಲೆ. ತಮ್ಮ ಮೂರು ಪ್ರಸಿದ್ಧ ವಾದ್ಯಗಳ ಒಡಲಿನ ಆಕಾರ ತಮಗೇ ಸೇರಬೇಕೆಂದು ಫೆಂಡರ್ ಕಂಪನಿ ಕೋರಿದಾಗ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 2009ರಲ್ಲಿ ನಿರಾಕರಿಸಿತು. ಅವು ಸಾರ್ವತ್ರಿಕವಾಗಿಬಿಟ್ಟಿವೆ ಎಂದಿತು. ಆ ಮೂರರಲ್ಲಿ ಪ್ರಿಸಿಷನ್ ಬಾಸ್ ಕೂಡ ಒಂದು. ಹೆಸರು ಮತ್ತು ಹೆಡ್‌ಸ್ಟಾಕ್ ಆಕಾರದ ಮಾತು ಬೇರೆ. ಮನೆಯಲ್ಲಿ ಮಾಡಿದ ವಾದ್ಯಕ್ಕೆ ಕಂಪನಿಯ ಅಕ್ಷರ ಅಂಟಿಸಿ, ಕೀಲಿಕೈಯಿಂದ ಬಣ್ಣ ಕೆರೆದು, ಹಳೆಯದೆಂದು ತೋರುವಂತೆ ಸವೆಸಿ ಮಾರುವುದು ಮೋಸ. ಫೆಂಡರ್ ಕಂಪನಿ 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೈಗೆ ಹೋಗುವ ಮೊದಲಿನ ವಾದ್ಯಗಳಿಗೆ ದೊಡ್ಡ ಬೆಲೆಯಿರುವಾಗ ಈ ಆಮಿಷ ನಿಜವಾದದ್ದು. ಮಾರುವ ಉದ್ದೇಶವಿಲ್ಲದಿದ್ದರೂ ಬೇರೆಯವರ ಹೆಸರು ಬೇಡ. ವಾದ್ಯ ನಾಳೆ ಯಾರ ಕೈಗೆ ಹೋಗುತ್ತದೋ ತಿಳಿಯದು, ಆಗ ಆ ಹೆಸರು ಸುಳ್ಳು ಸಾಕ್ಷಿ ನುಡಿಯುತ್ತದೆ. ಹೊಯ್ಸಳರ ಶಿಲ್ಪಿಗಳು ಶಾಸ್ತ್ರ ಹೇಳಿದ ಅಳತೆಯನ್ನು ಮೀರದೆ ಕೆತ್ತಿದರು, ಆದರೂ ಪೀಠದ ಮೇಲೆ ಮಲ್ಲಿತಮ್ಮ, ದಾಸೋಜ ಎಂದು ತಮ್ಮ ಹೆಸರನ್ನೇ ಬರೆದರು. ಪ್ರಮಾಣ ಪರಂಪರೆಯದು, ಹೊಣೆ ಕೆತ್ತಿದವನದು. ಬಾಸ್ ಮಾಡುವವರು ಇದನ್ನೇ ಅನುಸರಿಸಲಿ.

ಎರಡನೆಯ ಆಕ್ಷೇಪ ಹಣದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಪಿಕಪ್, ಬಿರಡೆ, ಬ್ರಿಡ್ಜ್, ಕುತ್ತಿಗೆಯೊಳಗಿನ ಟ್ರಸ್ ರಾಡ್, ಮರ ಮತ್ತು ಉಪಕರಣ ಎಲ್ಲ ಕೂಡಿದರೆ ಕಾರ್ಖಾನೆಯ ಆರಂಭಿಕ ದರ್ಜೆಯ ಬಾಸ್‌ಗಿಂತ ಹೆಚ್ಚಾಗುತ್ತದೆ. ನುಡಿಸುವುದಷ್ಟೇ ಗುರಿಯಾದವರು ಕೊಳ್ಳುವುದೇ ಸರಿ. ಆದರೆ ಮಾಡಿದವರಿಗೆ ಸಿಗುವುದು ಒಂದು ವಾದ್ಯ ಮಾತ್ರವಲ್ಲ. ಮೆಟ್ಟು ಸವೆದಾಗ ಬದಲಿಸುವ, ಮಳೆಗೆ ಬಾಗಿದ ಕುತ್ತಿಗೆಯನ್ನು ನೇರಮಾಡುವ, ಸದ್ದು ನಿಂತ ಪಿಕಪ್ಪಿನ ತಪ್ಪು ಹುಡುಕುವ ವಿದ್ಯೆ ಅವರ ಕೈಯಲ್ಲಿ ಉಳಿಯುತ್ತದೆ. ಇಷ್ಟೊಂದು ವಾದಕರಿರುವ ಊರಿನಲ್ಲಿ ಅದು ಹೊಟ್ಟೆ ಹೊರೆಯುವ ವಿದ್ಯೆಯೂ ಆಗಬಲ್ಲದು.

ಕೊನೆಯ ಆಕ್ಷೇಪವೇ ಅತ್ಯಂತ ಗಟ್ಟಿಯಾದದ್ದು: ಜಾಗವೆಲ್ಲಿ? ಒಂದೇ ಕೋಣೆಯಲ್ಲಿ ಅಡುಗೆ, ಓದು, ನಿದ್ದೆ ನಡೆಯುವ ಮನೆಯಲ್ಲಿ ಮರ ಕೊರೆಯುವ ರೂಟರ್ ಯಂತ್ರ ಓಡಿಸಿದರೆ ನೆರೆಯವರ ಮಗುವಿನ ನಿದ್ದೆ ಕೆಡುತ್ತದೆ. ಬೀಟೆಯ ಧೂಳು ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ. ಲ್ಯಾಕರ್‌ನ ಆವಿಗೆ ಗ್ಯಾಸಿನ ಒಲೆಯ ಕಿಡಿ ತಾಗಿದರೆ ಅನಾಹುತ. ಇದನ್ನು ಒಪ್ಪಲೇಬೇಕು. ಕೊರೆಯುವುದು, ಬಣ್ಣ ಹೊಡೆಯುವುದು ಮನೆಯ ಕೆಲಸವಲ್ಲ. ಮೆಟ್ಟು ಕೂರಿಸುವುದು, ಬೆಸುಗೆ, ಜೋಡಣೆ, ಶ್ರುತಿ ಇವಷ್ಟೇ ಮನೆಯವು. ಉಳಿದದ್ದಕ್ಕೆ ಹಂಚಿಕೊಂಡು ಬಳಸುವ ಕಮ್ಮಟ ಬೇಕು. 2013ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಕರ್ಸ್ ಅಸೈಲಮ್ ಅಂಥದೊಂದು ಜಾಗವಾಗಿತ್ತು, ಅದು ಈಗ ಗೋವಾದಲ್ಲಿದೆ. ಆ ಜಾಗವನ್ನು ತುಂಬಲು ಹೊಸ ಕಟ್ಟಡ ಬೇಕಿಲ್ಲ. ಐಟಿಐಗಳ ಮರಗೆಲಸದ ಮೇಜುಗಳನ್ನು ತರಗತಿ ಮುಗಿದ ಮೇಲೆ ಶುಲ್ಕವಿಟ್ಟು, ಮೇಲ್ವಿಚಾರಕರನ್ನಿಟ್ಟು ತೆರೆಯಬಹುದು. ಮುಂಬಯಿಯ ನಮ್ಮ ಕನ್ನಡ ಸಂಘಗಳೂ ತಮ್ಮ ಕಟ್ಟಡದ ಒಂದು ಮೂಲೆಯನ್ನು ಇದಕ್ಕೆ ಬಿಡಬಹುದು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ್ದು ಮುಂಬಯಿ ಕನ್ನಡಿಗರ ರಾತ್ರಿ ಶಾಲೆಗಳು. ಆ ಶಾಲೆ ಕಟ್ಟಿದವರು ಜಾಗವಿಲ್ಲ, ಹೊತ್ತಿಲ್ಲ, ಲಾಭವಿಲ್ಲ ಎಂದು ಕೈಚೆಲ್ಲಲಿಲ್ಲ. ಇಂದಿನ ಹುಡುಗ ಹುಡುಗಿಯರಿಗೆ ಅಕ್ಷರ ಬರುತ್ತದೆ, ಕೈಗೆ ಕೆಲಸ ಬರುವುದಿಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಒಂದು ಮೇಜು, ಒಂದು ದೀಪ, ಗೋಡೆಗೆ ತೂಗುಹಾಕಿದ ಹಳೆಯ ಬಾಸ್‌ನ ಅಳತೆಯ ನಕ್ಷೆ ಇದ್ದರೆ ಸಾಕು, ತಿದ್ದಲು ಶುರುಮಾಡಬಹುದು.