ಪಾಠವಿಲ್ಲದ ವೇಳಾಪತ್ರಿಕೆ

ರಾಮಥಾಳದ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನಮ್ಮನ್ನು ಕಾಣಲು ಬಂದಿದ್ದಳು. ಬಿ.ಎಸ್ಸಿ. ತರಗತಿಗೆ ಸೇರಿ ಅವಳಿಗೆ ಎರಡು ತಿಂಗಳಾಗಿತ್ತು. ಭೌತಶಾಸ್ತ್ರವು ಎಲ್ಲಿಯ ವರೆಗೆ ಬಂದಿರುವದೆಂದು ಕೇಳಿದೆವು. “ಪಾಠ ಹೇಳಾಕ ಇನ್ನೂ ಯಾರೂ ಬಂದಿಲ್ರೀ ಅಕ್ಕೋರ” ಎಂದಳು. ವೇಳಾಪತ್ರಿಕೆಯಲ್ಲಿ ಮಾತ್ರ ಆ ವಿಷಯವು ವಾರಕ್ಕೆ ನಾಲ್ಕು ಸಾರೆ ಬರೆದಿತ್ತು. ಪಾಠವೇ ಇಲ್ಲದ ಕಾಲೇಜಿಗೆ ದಿನಾಲು ಹೋಗುವದೇಕೆಂದು ಮನೆಯಲ್ಲಿ ಕೇಳುತ್ತಾರಂತೆ. ವರನನ್ನು ನೋಡುವ ಮಾತೂ ಎದ್ದಿದೆ.

ನಮ್ಮ ನಾಡಿನ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ಬಹುಭಾರವನ್ನು ಅತಿಥಿ ಉಪನ್ಯಾಸಕರೇ ಹೊತ್ತಿದ್ದಾರೆ. ಅವರನ್ನು ವರುಷ ವರುಷವೂ ಹೊಸದಾಗಿ ನೇಮಿಸತಕ್ಕದ್ದೆಂಬ ಪದ್ಧತಿಯಿರುವದರಿಂದ, ಮಕ್ಕಳು ಬಂದು ಕುಳಿತ ಮೇಲೂ ನೇಮಕವು ಮುಗಿಯದೆ ಉಳಿಯುವದುಂಟು. ಸತ್ರವೇ ಸುಮಾರು ನಾಲ್ಕು ತಿಂಗಳಿನದು! 2023ರ ನವೆಂಬರದಲ್ಲಿ ಅವರು ಸೇವೆಯನ್ನು ಖಾಯಂ ಮಾಡಬೇಕೆಂದು ತರಗತಿ ಬಿಟ್ಟು ಧರಣಿ ಕೂತಾಗ, ನಾವು ಅವರ ಮೇಲೆ ಸಿಟ್ಟಾಗಲಾರದೆ ಹೋದೆವು. ಬರುವ ವರುಷ ಕೆಲಸವುಂಟೋ ಇಲ್ಲವೋ ಎಂದರಿಯದವರು ಮನಸ್ಸಿಟ್ಟು ಪಾಠ ಹೇಳುವದು ಹ್ಯಾಗೆ?

ಇದರ ಮೇಲೆ ಪಠ್ಯಕ್ರಮದ ತಿರುಗಾಟ. 2021ರಲ್ಲಿ ನಾಲ್ಕು ವರುಷದ ಪದವಿಕ್ರಮವನ್ನೂ ಮುಕ್ತ ಐಚ್ಛಿಕ ವಿಷಯಗಳನ್ನೂ ತಂದರು. 2024ರಲ್ಲಿ ತಿರುಗಿ ಮೂರು ವರುಷಕ್ಕೆ ಬಂದರು. ಪಟ್ಟಿಯಲ್ಲಿ ವಿಷಯಗಳು ಹಲವಿದ್ದರೂ ಸಣ್ಣ ಊರಿನ ಕಾಲೇಜಿನಲ್ಲಿ ಕಲಿಸುವವರು ಯಾರಿದ್ದಾರೋ ಅವರ ವಿಷಯವೇ ಮಕ್ಕಳ ಇಚ್ಛೆಯೆನಿಸುವದು. ರಾಮಥಾಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ 24,000 ಹೆಕ್ಟೇರಿಗೆ ಹನಿ ನೀರಾವರಿಯ ಯೋಜನೆ ಬಂದಿತು; ಕೊಳವೆ ಹಾಸಿದ ಮಾತ್ರಕ್ಕೆ ಕೊನೆಯ ಹೊಲಕ್ಕೆ ನೀರು ಮುಟ್ಟದೆಂಬದನ್ನು ಅವರು ಬಲ್ಲರು.

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣವು ಉಚಿತವಾದದ್ದು ದೊಡ್ಡ ಉಪಕಾರವೇ. ಆದರೆ ಬಸ್ಸಿನ ವೇಳೆಗೂ ಮೊದಲನೆಯ ತಾಸಿಗೂ ಹೊಂದಿಕೆಯಿಲ್ಲದಿದ್ದರೆ ಇದ್ದ ಪಾಠವೂ ತಪ್ಪುವದು.

ತಾಯಿತಂದೆಗಳೇ, ಪ್ರವೇಶದ ಹಣ ಕಟ್ಟುವ ಮೊದಲು ಪ್ರಾಚಾರ್ಯರ ಬಳಿಗೆ ಹೋಗಿ ಯಾವ ವಿಷಯಕ್ಕೆ ಯಾರಿದ್ದಾರೆಂದು ಕೇಳಿರಿ, ಕೇಳುವದಕ್ಕೆ ಸಂಕೋಚಪಡಬೇಡಿರಿ. ಇಳಕಲ್ಲು ಹುನಗುಂದಗಳಲ್ಲಿ ಸಂಸಾರ ಹೂಡಿರುವ ನಮ್ಮ ಎಂ.ಎಸ್ಸಿ. ಪದವೀಧರೆಯರಿಗೆ ಇನ್ನೊಂದು ಅರಿಕೆ. ಶನಿವಾರ ಮಧ್ಯಾಹ್ನ ನಮ್ಮ ವಿಜ್ಞಾನದ ಕೋಣೆಯನ್ನು ತೆರೆದಿಡುವೆವು. ಎರಡು ತಾಸು ಬಂದು ಈ ಮಕ್ಕಳಿಗೆ ಪಾಠ ಹೇಳಿರಿ. ಇದರಿಂದ ಕಾಲೇಜಿನ ಹೊಣೆಯು ತಪ್ಪುವದಿಲ್ಲ, ಆದರೆ ಈ ಸತ್ರವು ಹುಡುಗಿಯರಿಗಾಗಿ ಕಾದು ನಿಲ್ಲುವದೂ ಇಲ್ಲ.

ರಾಮಥಾಳದ ಆ ತಾಯಿಗೆ, ಮದುವೆಯ ಮಾತನ್ನು ಪದವಿ ಮುಗಿಯುವ ತನಕ ಮುಂದೂಡಿರೆಂದು ಹೇಳಿಕಳಿಸಿದ್ದೇವೆ. ಉತ್ತರವಿನ್ನೂ ಬಂದಿಲ್ಲ.