ಟಾರ್ಗೆಟ್ ಲೆಕ್ಕ ಗೋಡೆಗೆ ಬರಲಿ

ಗಾರ್ಮೆಂಟ್ಸ್ ಕಾರ್ಖಾನೆಗಳ ಐಇ ಟೆಕ್ನಿಷಿಯನ್‌ಗಳಿಗೆ, ಟೈಲರ್ ಅಕ್ಕತಂಗಿಯರಿಗೆ, ಸೂಪರ್‌ವೈಸರ್‌ಗಳಿಗೆ, ಆಡಳಿತ ನಡೆಸುವವರಿಗೆ ಒಂದು ಮನವಿ



ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು, ಎಲ್ಲಿಯ ಗಾರ್ಮೆಂಟ್ಸ್‌ಗೆ ಹೋದರೂ ಹೊಲಿಗೆ ಬ್ಯಾಚಿನ (ಲೈನಿನ) ತುದಿಯಲ್ಲಿ ಒಂದು ಬೋರ್ಡ್ ಕಾಣುತ್ತದೆ. ಗಂಟೆಗೆ ಎಷ್ಟು ಪೀಸ್ ಬರಬೇಕಿತ್ತು, ಎಷ್ಟು ಬಂತು, ಎಷ್ಟು ಕಮ್ಮಿ ಬಿತ್ತು ಎಂದು ಅದರಲ್ಲಿ ಬರೆದಿರುತ್ತದೆ. ಬರಬೇಕಿದ್ದ ಆ ಅಂಕಿ ಹೇಗೆ ಹುಟ್ಟಿತು ಎನ್ನುವುದು ಮಾತ್ರ ಅಲ್ಲಿ ಇರುವುದಿಲ್ಲ. ಹೊಲಿಯುವ ಹೆಣ್ಣುಮಗಳಿಗೆ ಅದು ಗೊತ್ತಿಲ್ಲ. ಅವಳ ಮೇಲೆ ಕೂಗಾಡುವ ಸೂಪರ್‌ವೈಸರ್‌ಗೂ ಬಹಳ ಸಲ ಗೊತ್ತಿರುವುದಿಲ್ಲ. ಗೊತ್ತಿರುವವರು ನಾವು, ಸ್ಟಾಪ್‌ವಾಚ್ ಮತ್ತು ಪ್ಯಾಡ್ ಹಿಡಿದು ಬ್ಯಾಚಿಂದ ಬ್ಯಾಚಿಗೆ ಓಡಾಡುವ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ (ಐಇ) ವಿಭಾಗದ ಟೆಕ್ನಿಷಿಯನ್‌ಗಳು. ಡಿಪ್ಲೊಮಾನೋ ಐಟಿಐನೋ ಮುಗಿಸಿ, ಟ್ರೈನಿ ಎಂಬ ಹೆಸರಿನಲ್ಲಿ ಸೇರಿ, ದಿನವಿಡೀ ನಿಂತೇ ಕೆಲಸ ಮಾಡುವವರು.

ಈ ಕರಪತ್ರದ ಬೇಡಿಕೆ ಒಂದೇ. ಪ್ರತಿ ಆಪರೇಷನ್ನಿನ ಟೈಮ್ ಸ್ಟಡಿ ಶೀಟನ್ನು, ಅಂದರೆ ಸಮಯ ಅಳೆದು ಟಾರ್ಗೆಟ್ ಲೆಕ್ಕ ಹಾಕಿದ ಹಾಳೆಯನ್ನು, ಕನ್ನಡದಲ್ಲಿ, ಅಳೆದ ಟೆಕ್ನಿಷಿಯನ್ನಿನ ಸಹಿಯೊಂದಿಗೆ, ಟಾರ್ಗೆಟ್ ಬೋರ್ಡಿನ ಪಕ್ಕದಲ್ಲೇ ಅಂಟಿಸಬೇಕು. ಶೀಟ್ ಇಲ್ಲದ ಟಾರ್ಗೆಟ್ಟನ್ನು ಯಾರ ಮೇಲೂ ಹೇರಬಾರದು.

ಇದು ಯಾಕೆ ಮುಖ್ಯ ಎಂದು ತಿಳಿಯಲು ಒಂದು ಲೆಕ್ಕ ಸಾಕು. ಶರ್ಟಿಗೆ ಕಾಲರ್ ಕೂರಿಸುವ ಆಪರೇಷನ್ ಎಂದುಕೊಳ್ಳಿ. ಬ್ಯಾಚಿನಲ್ಲಿ ಎಲ್ಲರಿಗಿಂತ ಚುರುಕಾದ ಟೈಲರ್ ಮುಂದೆ ನಾವು ನಿಲ್ಲುತ್ತೇವೆ. ಒಂದು ಪೀಸಿಗೆ ಸರಾಸರಿ 30 ಸೆಕೆಂಡು ಬರುತ್ತದೆ. ಸಾಧಾರಣ ವೇಗವನ್ನು 100 ಎಂದು ಹಿಡಿದರೆ ಇವಳದು 120. ಹಾಗಾಗಿ ಪಾಠದಲ್ಲಿ ಕಲಿತಂತೆ 30ನ್ನು 120ರಿಂದ ಗುಣಿಸಿ 100ರಿಂದ ಭಾಗಿಸಬೇಕು. ಆಗ ಸಾಧಾರಣ ಟೈಲರಿಗೆ ಬೇಕಾದ ಸಮಯ 36 ಸೆಕೆಂಡು. ಅದರ ಮೇಲೆ ಅಲವೆನ್ಸ್ ಸೇರಿಸಬೇಕು. ಇದು ಸಂಬಳದ ಅಲವೆನ್ಸ್ ಅಲ್ಲ. ನೀರು, ಶೌಚ, ಆಯಾಸ, ದಾರ ಕಡಿಯುವುದು, ಬಾಬಿನ್ ಖಾಲಿಯಾಗುವುದು ಇವುಗಳಿಗೆಂದು ಬಿಡುವ ಸಮಯ. 15 ಶೇಕಡಾ ಹಿಡಿದರೆ ಒಂದು ಪೀಸಿಗೆ 41.4 ಸೆಕೆಂಡು. ಗಂಟೆಗೆ ಸುಮಾರು 87 ಪೀಸ್.

ಈಗ ಅದೇ ಶೀಟಿನಲ್ಲಿ ಎರಡೇ ಎರಡು ಕಡೆ ಪೆನ್ನು ಜಾರಲಿ. ಅವಳ ವೇಗವನ್ನು 120 ಎನ್ನದೆ 100 ಎಂದು ಬರೆಯಿರಿ, ಅಲವೆನ್ಸ್ ಕಾಲಮ್ಮನ್ನು ಖಾಲಿ ಬಿಡಿ. ಗಂಟೆಗೆ 120 ಪೀಸ್ ಬಂದುಬಿಡುತ್ತದೆ. ಗಂಟೆಗೆ 33 ಪೀಸ್ ಹೆಚ್ಚು, ಎಂಟು ಗಂಟೆಗೆ 264. ಯಾವ ಮಷಿನ್ನೂ ಹೊಸದಾಗಿ ಬರಲಿಲ್ಲ, ಯಾವ ಫೋಲ್ಡರ್ ಕೂಡ ಹಾಕಲಿಲ್ಲ, ಒಂದು ಬಲ್ಬನ್ನೂ ಬದಲಿಸಲಿಲ್ಲ. ಆ 264 ಪೀಸ್ ಅಷ್ಟೂ ಸಾಧಾರಣ ವೇಗದ ಟೈಲರಿನ ಬೆನ್ನು, ಕಣ್ಣು, ಮೂತ್ರಕೋಶದಿಂದಲೇ ಬರಬೇಕು. ಬರದಿದ್ದರೆ ಬೋರ್ಡಿನಲ್ಲಿ ಕೆಂಪು ಅಂಕಿ, ಕಿವಿಯಲ್ಲಿ ಬೈಗುಳ. ನಮ್ಮ ಕಡೆ ಹೆಚ್ಚಿನ ಟೈಲರ್‌ಗಳಿಗೆ ಸಿಗುವುದು ತಿಂಗಳ ಸಂಬಳ, ಪೀಸ್ ಲೆಕ್ಕದ ಕೂಲಿ ಅಲ್ಲ. ಹೆಚ್ಚು ಹೊಲಿದರೂ ಸಂಬಳ ಅಷ್ಟೇ ಇರುತ್ತದೆ.

ಅಲವೆನ್ಸ್ ಎಂದರೆ ಉಪಕಾರ ಎಂದು ಕೆಲವು ಮ್ಯಾನೇಜರ್‌ಗಳು ತಿಳಿದಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಓ, 1957ರಲ್ಲಿ ವರ್ಕ್ ಸ್ಟಡಿ, ಅಂದರೆ ಕೆಲಸದ ವಿಧಾನ ಮತ್ತು ಸಮಯದ ಅಧ್ಯಯನ, ಕುರಿತು ಒಂದು ಪುಸ್ತಕ ಹೊರತಂದಿತು. ಇಂದಿಗೂ ಈ ವಿಷಯ ಕಲಿಸುವವರಿಗೆ ಅದೇ ಮೂಲ ಪುಸ್ತಕ. ಅದರಲ್ಲಿ ಉದಾಹರಣೆಗೆಂದು ಕೊಟ್ಟ ಕೋಷ್ಟಕದ ಪ್ರಕಾರ ಹೆಂಗಸರಿಗೆ ಸ್ವಂತ ಅಗತ್ಯಕ್ಕೆ 7 ಶೇಕಡಾ, ಮೂಲ ಆಯಾಸಕ್ಕೆ 4 ಶೇಕಡಾ. ಕುಳಿತು ಮಾಡುವ ಹಗುರ ಕೆಲಸಕ್ಕೂ ಇಷ್ಟು ಬೇಕು. ನಿಂತು ಮಾಡುವ ಕೆಲಸವಾದರೆ, ಐರನಿಂಗ್‌ನವರಂತೆ, ಇನ್ನೂ 4 ಸೇರುತ್ತದೆ. ಕುಳಿತವರಿಗೆ 11 ಶೇಕಡಾ ಎಂದರೆ 480 ನಿಮಿಷದ ಪಾಳಿಯಲ್ಲಿ ಸುಮಾರು 48 ನಿಮಿಷ. ಸೂಜಿ ಮುರಿದಾಗ ಅದರ ಒಂದೊಂದು ಚೂರನ್ನೂ ಹುಡುಕಿ ಒಪ್ಪಿಸುವವರೆಗೆ ಹೊಸ ಸೂಜಿ ಕೊಡದ ನಿಯಮ ಎಲ್ಲ ಕಡೆ ಇದೆ. ಮಗುವಿನ ಬಟ್ಟೆಯಲ್ಲಿ ಲೋಹದ ಚೂರು ಹೋಗಬಾರದು, ನಿಯಮ ಸರಿಯಾಗಿಯೇ ಇದೆ. ಆದರೆ ಆ ಹುಡುಕಾಟದ ಹೊತ್ತು ಯಾರ ಖಾತೆಗೆ? ಶೀಟಿನಲ್ಲಿ ಬರೆಯದಿದ್ದರೆ ಟೈಲರ್ ಖಾತೆಗೆ. ಶೌಚಾಲಯಕ್ಕೆ ಹೋದರೆ ಪೀಸ್ ಕಮ್ಮಿ ಬೀಳುತ್ತದೆಂದು ಬೆಳಗಿಂದ ನೀರೇ ಕುಡಿಯದೆ ಕೂತ ಹೆಣ್ಣುಮಕ್ಕಳು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ನಮ್ಮ ಪ್ಯಾಡಿನಲ್ಲಿ ಖಾಲಿ ಬಿಟ್ಟ ಕಾಲಮ್ಮಿಗೂ ಅವರ ಉರಿಮೂತ್ರಕ್ಕೂ ನೇರ ಸಂಬಂಧ ಇದೆ.

2023ರಲ್ಲಿ ಕರ್ನಾಟಕದ ಕಾರ್ಖಾನೆ ಕಾನೂನಿಗೆ ತಿದ್ದುಪಡಿಯಾಗಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ತೆರೆಯಿತು. ಎಂಟು ಗಂಟೆಯ ಆಯಾಸ ಲೆಕ್ಕ ಹಾಕಿದ ಶೀಟು ಹನ್ನೊಂದನೆಯ ಗಂಟೆಗೆ ಹೊಂದುವುದಿಲ್ಲ. ಇದನ್ನು ಹೇಳಬೇಕಾದವರು ವಕೀಲರಿಗಿಂತ ಮೊದಲು ನಾವು.

ಎಲ್ಲ ದೋಷವನ್ನೂ ಟೆಕ್ನಿಷಿಯನ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂಕಿ ಹುಟ್ಟುವ ಜಾಗ ಬೇರೆಯೇ ಇದೆ. ವಿದೇಶದ ಬ್ರ್ಯಾಂಡು ಸ್ಯಾಂಪಲ್ ಕಳಿಸಿ ದರ ಕೇಳುತ್ತದೆ. ಈ ಶರ್ಟು 24 ನಿಮಿಷದ ಕೆಲಸ ಎಂದು ನಾವು ಲೆಕ್ಕ ಕೊಟ್ಟರೆ, 21ಕ್ಕೆ ಇಳಿಸಿದರೆ ಆರ್ಡರ್ ನಮ್ಮದು, ಇಲ್ಲದಿದ್ದರೆ ಬಾಂಗ್ಲಾಕ್ಕೆ ಹೋಗುತ್ತದೆ ಎನ್ನುತ್ತಾರೆ ಆಡಳಿತದವರು. ಇಷ್ಟು ಹೊತ್ತಿಗೆ ಫ್ಲೋರಿನಲ್ಲಿ ಒಂದು ಹೊಲಿಗೆಯೂ ಬಿದ್ದಿರುವುದಿಲ್ಲ. 21 ಎಂದು ಮಾತು ಕೊಟ್ಟ ಮೇಲೆ ಸ್ಟಾಪ್‌ವಾಚಿನಲ್ಲೂ 21 ಬರಲೇಬೇಕು. ಸ್ವಲ್ಪ ಅಡ್ಜಸ್ಟ್ ಮಾಡಪ್ಪ ಎಂಬ ಮಾತು ಕೇಳದ ಐಇ ಹುಡುಗ ಯಾರಿದ್ದಾನೆ? ನಾನೂ ಕೇಳಿದ್ದೇನೆ. ಟ್ರೈನಿಯಾಗಿ ಸೇರಿದವನು, ಖಾಯಂ ಆಗುವ ಆಸೆಯಲ್ಲಿರುವವನು, ಊರಿಗೆ ದುಡ್ಡು ಕಳಿಸಬೇಕಾದವನು ಒಬ್ಬನೇ ನಿಂತು ಇಲ್ಲ ಎನ್ನುವುದು ಕಷ್ಟ. ಶೀಟು ಗೋಡೆಯ ಮೇಲಿದ್ದರೆ ಅವನು ಒಬ್ಬನಾಗಿರುವುದಿಲ್ಲ. ಸಾರ್, ಇದನ್ನು ಬ್ಯಾಚಿನವರೆಲ್ಲ ನೋಡುತ್ತಾರೆ, ತಪ್ಪು ಬರೆದರೆ ಅಲ್ಲೇ ಹಿಡಿಯುತ್ತಾರೆ ಎಂದು ಹೇಳುವ ಅವಕಾಶ ಅವನಿಗೆ ಸಿಗುತ್ತದೆ. ಈ ಬೇಡಿಕೆ ಟೈಲರ್‌ಗಳನ್ನು ಕಾಯುವಷ್ಟೇ ಟೆಕ್ನಿಷಿಯನ್ನನ್ನೂ ಕಾಯುತ್ತದೆ.

ಈಗ ಅನೇಕ ಕಡೆ ಸ್ಟಾಪ್‌ವಾಚ್ ಬದಲು ಜಿಎಸ್‌ಡಿಯಂಥ ಸಾಫ್ಟ್‌ವೇರ್ ಬಂದಿದೆ. ಕೈ ಚಾಚುವುದು, ಹಿಡಿಯುವುದು, ಜೋಡಿಸುವುದು ಪ್ರತಿಯೊಂದಕ್ಕೂ ಮೊದಲೇ ನಿಗದಿಯಾದ ಸಮಯ ಇದೆ; ಅದರ ಅಳತೆ ಟಿಎಂಯು, ಅಂದರೆ ಒಂದು ಗಂಟೆಯ ಲಕ್ಷದಲ್ಲೊಂದು ಪಾಲು, 0.036 ಸೆಕೆಂಡು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತು ಎನ್ನುತ್ತಾರೆ. ಮುಗಿಯಲಿಲ್ಲ. ಬಂಡಲ್ ಎಷ್ಟು ದೂರದಲ್ಲಿದೆ, ಬಟ್ಟೆ ಜಾರುತ್ತದೆಯೇ, ಅಲವೆನ್ಸ್ ಎಷ್ಟು ಎಂದು ಅದಕ್ಕೆ ತಿಳಿಸುವವನು ಮನುಷ್ಯನೇ. ಅವನು ತುಂಬಿದ್ದನ್ನೂ ಪ್ರಿಂಟ್ ತೆಗೆದು ಅಂಟಿಸಲಿ.

ನಾವು ಕೇಳುತ್ತಿರುವುದು ಹೊಸ ಮಾತೇನಲ್ಲ. 1911ರ ಆಗಸ್ಟ್‌ನಲ್ಲಿ ಅಮೆರಿಕದ ಬಾಸ್ಟನ್ ಬಳಿಯ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಗಾರದಲ್ಲಿ ಎರಕ ಹೊಯ್ಯುವವರು ಸ್ಟಾಪ್‌ವಾಚ್ ಎದುರು ಕೆಲಸ ಮಾಡುವುದಿಲ್ಲವೆಂದು ಹೊರನಡೆದರು. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಟೈಮ್ ಸ್ಟಡಿಯ ಹಿರಿಮೆ ಸಾರಿದ ಪುಸ್ತಕ ಪ್ರಕಟಿಸಿದ್ದೂ ಅದೇ ವರ್ಷ. ವಿಚಾರಣೆ ಅಮೆರಿಕದ ಸಂಸತ್ತಿನವರೆಗೆ ಹೋಯಿತು, ಆಮೇಲೆ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚನ್ನೇ ನಿಷೇಧಿಸಿದರು. ಆ ನಿಷೇಧ 1949ರವರೆಗೆ ಉಳಿಯಿತು. ಅಂಥ ನಿಷೇಧ ನಮಗೆ ಬೇಡ. ಅಳತೆ ಇಲ್ಲದಿದ್ದರೆ ಮ್ಯಾನೇಜರ್ ಬಾಯಿಗೆ ಬಂದದ್ದೇ ಟಾರ್ಗೆಟ್ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಅಳತೆ ಇರಲಿ, ಬಹಿರಂಗವಾಗಿರಲಿ. ಮೇಲೆ ಹೇಳಿದ ಐಎಲ್‌ಓ ಪುಸ್ತಕವೂ ಇದನ್ನೇ ಹೇಳುತ್ತದೆ. ಕೆಲಸ ಮಾಡುವವರಿಗೆ ತಿಳಿಸದೆ, ಮರೆಯಲ್ಲಿ ನಿಂತು, ಜೇಬಿನಲ್ಲಿ ವಾಚ್ ಇಟ್ಟುಕೊಂಡು ಅಳೆಯಬಾರದು, ಅದು ಅಪ್ರಾಮಾಣಿಕ. ಅತಿ ಚುರುಕಾದವರನ್ನೇ ಆರಿಸಿಕೊಳ್ಳಬಾರದು. ಸಮಯ ಅಳೆಯುವ ಮೊದಲು ಕೆಲಸದ ವಿಧಾನವನ್ನು ಸರಿಪಡಿಸಬೇಕು.

ಈ ಕೊನೆಯ ಮಾತಿನ ಬಳಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಮ್ಮ ಕಸುಬಿನ ಮರ್ಯಾದೆ ಅಲ್ಲಿದೆ. ಅಮೆರಿಕದ ಫ್ರ್ಯಾಂಕ್ ಗಿಲ್‌ಬ್ರೆತ್ ಗಾರೆ ಕೆಲಸ ಕಲಿಯಲು ಹೋದವನು. ಇಟ್ಟಿಗೆ ಎತ್ತಲು ಮೇಸ್ತ್ರಿ ಪ್ರತಿ ಸಲ ನೆಲದವರೆಗೆ ಬಗ್ಗುವುದನ್ನು ಕಂಡು, ಗೋಡೆ ಏರಿದಂತೆ ಏರುವ ಅಟ್ಟಣೆ ಮಾಡಿಸಿದ. ಒಂದು ಇಟ್ಟಿಗೆ ಇಡಲು 18 ಚಲನೆ ಬೇಕಿದ್ದದ್ದು 5ಕ್ಕೆ ಇಳಿಯಿತು. ಮೇಸ್ತ್ರಿಯ ಬೆನ್ನು ಉಳಿಯಿತು, ಗೋಡೆಯೂ ಬೇಗ ಎದ್ದಿತು. ಅವನು ಮತ್ತು ಅವನ ಹೆಂಡತಿ ಲಿಲಿಯನ್ 1916ರಲ್ಲಿ ಆಯಾಸದ ಬಗ್ಗೆಯೇ ಒಂದು ಪುಸ್ತಕ ಬರೆದರು. ಟೆಕ್ನಿಷಿಯನ್ ಕೆಲಸ ಎಂದರೆ ಇದು. ಬಂಡಲನ್ನು ಬಲಗಡೆಯಿಂದ ಎಡಗಡೆಗೆ ತಂದರೆ ಪೀಸಿಗೆ ಎರಡು ಸೆಕೆಂಡು ಉಳಿಯುತ್ತದೆ ಎಂದು ಕಂಡುಹಿಡಿಯುವುದು, ಬೆನ್ನಿಗೆ ಆನಿಕೆ ಇಲ್ಲದ ಸ್ಟೂಲನ್ನು ಬದಲಿಸಿ ಎಂದು ಬರೆದು ಕೊಡುವುದು, ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿಯುವ ಕಡೆ ದೀಪ ಹಾಕಿಸುವುದು, ಕಟಿಂಗ್‌ನಿಂದ ಕಫ್ ತಡವಾಗಿ ಬಂದದ್ದರಿಂದ ಬ್ಯಾಚ್ ನಿಂತಿತೇ ಹೊರತು ಟೈಲರ್ ಸೋಮಾರಿತನದಿಂದಲ್ಲ ಎಂದು ಅಂಕಿ ಸಮೇತ ತೋರಿಸುವುದು. ಹೊಸ ಸ್ಟೈಲ್ ಬಂದ ಮೊದಲ ದಿನ ಕೈ ಕೂರುವುದಿಲ್ಲ, ಆ ದಿನಕ್ಕೆ ಕಮ್ಮಿ ಟಾರ್ಗೆಟ್ ಇಡಬೇಕು ಎನ್ನುವುದೂ ನಮಗೆ ಕಲಿಸಿದ ಪಾಠವೇ. ಈ ಕೆಲಸಕ್ಕೆಂದು ಕಲಿತು ಬಂದವರನ್ನು ಗಂಟೆಗೊಮ್ಮೆ ಬೋರ್ಡಿಗೆ ಅಂಕಿ ಬರೆಯುವುದಕ್ಕೂ ಪೀಸ್ ಕಮ್ಮಿ ಬಿದ್ದವರ ಹೆಸರು ಒಯ್ಯುವುದಕ್ಕೂ ಇಟ್ಟುಕೊಂಡಿದ್ದಾರೆ. ಕಲಿತ ವಿದ್ಯೆ ಹೀಗೆ ಹಾಳಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಆಡಳಿತದವರ ಆಕ್ಷೇಪ ಗೊತ್ತಿದೆ. ಶೀಟ್ ತೋರಿಸಿದರೆ ದಿನವೂ ವಾದ, ಕೆಲಸ ನಿಧಾನ ಎನ್ನುತ್ತಾರೆ. ವಾದ ಆಗುತ್ತದೆ, ನಿಜ. ಮೊದಲ ಕೆಲವು ವಾರ ಜೋರಾಗಿಯೇ ಆಗಬಹುದು. ಆದರೆ ಟೈಲರ್ ಹೇಳುವ ಮಾತಿನಲ್ಲಿ ಅರ್ಧ ನಿಮಗೇ ಲಾಭದ ಮಾತು: ಪ್ರೆಷರ್ ಫೂಟ್ ಸರಿ ಇಲ್ಲ, ಲೇಬಲ್ ಹೊತ್ತಿಗೆ ಬರುವುದಿಲ್ಲ, ಹೆಲ್ಪರ್ ಇಲ್ಲ. ಇವನ್ನು ಕೇಳಲು ಈಗ ಜಾಗವೇ ಇಲ್ಲ, ಕೂಗಾಟದಲ್ಲಿ ಮುಳುಗಿಹೋಗುತ್ತವೆ. ಅಸಾಧ್ಯ ಟಾರ್ಗೆಟ್ ಕೊಟ್ಟಾಗ ಹೊಲಿಗೆ ಕೆಡುತ್ತದೆ, ಆಲ್ಟರೇಷನ್‌ಗೆ ಪೀಸ್ ವಾಪಸ್ ಬರುತ್ತವೆ, ಸಂಬಳದ ಮರುದಿನ ಜನ ಬಿಟ್ಟುಹೋಗುತ್ತಾರೆ. ಹೊಸಬರನ್ನು ಕಲಿಸುವ ಖರ್ಚು ನಿಮ್ಮದೇ.

ಇನ್ನೊಂದು ಮಾತು ಕೇಳಿಬರುತ್ತದೆ, ಈ ಲೆಕ್ಕ ಹೆಂಗಸರಿಗೆ ಅರ್ಥವಾಗುವುದಿಲ್ಲ ಎಂದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮವನ್ನು ಕೇಂದ್ರ ಸರ್ಕಾರ ಬದಲಿಸಲು ಹೊರಟಾಗ ಬೆಂಗಳೂರಿನ ರಸ್ತೆಗಿಳಿದು, ಆ ನಿಯಮವನ್ನು ವಾಪಸ್ ತೆಗೆಸಿದವರು ಇದೇ ಗಾರ್ಮೆಂಟ್ಸ್ ಹೆಂಗಸರು. ಪಿಎಫ್‌ನಲ್ಲಿ ಯಾವ ಪಾಲು ಯಾವಾಗ ಸಿಗುತ್ತದೆ ಎಂದು ತಿಳಿದವರಿಗೆ 36ಕ್ಕೆ 15 ಶೇಕಡಾ ಕೂಡುವುದು ದೊಡ್ಡದೇನಲ್ಲ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗಿಯರಿರುವ ಬ್ಯಾಚಿನಲ್ಲಿ ಕನ್ನಡದ ಕೆಳಗೆ ಅವರ ಭಾಷೆಯಲ್ಲೂ ಬರೆಯಿರಿ.

ಟೈಲರ್ ಅಕ್ಕತಂಗಿಯರೇ, ನಿಮ್ಮ ಮುಂದೆ ವಾಚ್ ಹಿಡಿದು ನಿಂತವರನ್ನು ಶತ್ರು ಎಂದು ತಿಳಿಯಬೇಡಿ. ಅಳೆದು ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ: ನನ್ನ ವೇಗ ಎಷ್ಟೆಂದು ಬರೆದಿರಿ? ಅಲವೆನ್ಸ್ ಎಷ್ಟು ಹಾಕಿದಿರಿ? ಯಾವ ಮಷಿನ್, ಯಾವ ಬಟ್ಟೆ ಎಂದು ನಮೂದಿಸಿದಿರಾ? ವರ್ಕ್ಸ್ ಕಮಿಟಿಯಲ್ಲಿರುವವರು ಮುಂದಿನ ಸಭೆಯಲ್ಲೇ ಈ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬಟ್ಟೆ, ಮಷಿನ್ ಅಥವಾ ವಿಧಾನ ಬದಲಾದರೆ ಹೊಸದಾಗಿ ಅಳೆಯಲಿ. ಅವು ಬದಲಾಗದೆ ಟಾರ್ಗೆಟ್ ಮಾತ್ರ ಏರಿದರೆ ಹೊಸ ಶೀಟ್ ತೋರಿಸಿ ಎನ್ನಿ.

ಪಾಲಿಟೆಕ್ನಿಕ್ ಮತ್ತು ಐಟಿಐಗಳಲ್ಲಿ ಕಲಿಸುವ ಗುರುಗಳೇ, ಟೈಮ್ ಸ್ಟಡಿಯ ಸೂತ್ರ ಬರೆಸುವ ದಿನವೇ, ಅಲವೆನ್ಸ್ ಬಿಟ್ಟರೆ ಯಾರಿಗೆ ಏನಾಗುತ್ತದೆ ಎಂಬುದನ್ನೂ ಹೇಳಿಕೊಡಿ.

ಐಇ ಟೆಕ್ನಿಷಿಯನ್ ಗೆಳೆಯರೇ, ಆಡಳಿತ ಒಪ್ಪುವವರೆಗೆ ಕಾಯಬೇಕಾಗಿಲ್ಲ. ನಾಳೆ ಅಳೆಯುವ ಮೊದಲ ಆಪರೇಷನ್ನಿನಿಂದಲೇ ವೇಗದ ರೇಟಿಂಗ್ ನಿಜ ಬರೆಯಿರಿ, ಅಲವೆನ್ಸ್ ಕಾಲಮ್ ತುಂಬಿ, ಕೆಳಗೆ ಹೆಸರು ಬರೆದು ಸಹಿ ಮಾಡಿ, ಮಷಿನ್ ಬಿಟ್ಟು ಹೊರಡುವ ಮುಂಚೆ ಆ ಶೀಟನ್ನು ಟೈಲರಿಗೆ ತೋರಿಸಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಬ್ಯಾಚಿಗೆ ಕೊಡಿ.